ಚೌರಪ್ಪ ಮಾಸ್ತರರ ಸೋಸುವ ಅರಿವೆ

ಸಿಂಧನೂರಿನ ನಮ್ಮ ಮನೆಯ ಅಡುಗೆಮನೆಗೆ ಹೋದ ತಿಂಗಳು ನೀರು ಸೋಸುವ ಯಂತ್ರವೊಂದು ಬಂತು. ಗೋಡೆಗೆ ನೇತುಹಾಕಿದ್ದಾರೆ. ಒಳಗೊಂದು ನೀಲಿ ದೀಪ ಉರಿಯುತ್ತದೆ, ನೀರು ತುಂಬಿದರೆ ಹಾಡು ಬೇರೆ ಹೇಳುತ್ತದೆ. ಸೊಸೆ ಅದರ ಗುಣಗಾನವನ್ನೆಲ್ಲ ಮುಗಿಸಿ ಮೆಲ್ಲಗೆ, "ಮಾವಾರ, ಇನ್ನರ ಆ ನಳದ ಬಾಯಾಗಿನ ಅರಿವಿ ಬಿಚ್ಚೂನೇನ್ರಿ?" ಎಂದು ಕೇಳಿದಳು. ಅರಿವೆ ಎಂದರೆ ನನ್ನ ಹಳೆಯ ಧೋತರದ ತುಂಡು. ಮೂರು ಮಡಿಕೆ ಮಾಡಿ ನಳದ ಬಾಯಿಗೆ ದಾರದಿಂದ ಕಟ್ಟಿದ್ದೇನೆ. ಮನೆ ಬದಲಾಯಿತು, ನಳ ಬದಲಾಯಿತು, ಅರಿವೆ ಕಟ್ಟುವುದು ಮಾತ್ರ ತಪ್ಪಿಲ್ಲ. ಬೇಡ ಎಂದೆ. ಯಾಕೆ ಎಂದಳು. ಯಾಕೆಂದು ಹೇಳಲು ನನಗೆ ಒಂದಿಡೀ ಮಧ್ಯಾಹ್ನ ಬೇಕು, ಅವಳಿಗೆ ಅಷ್ಟು ಪುರಸೊತ್ತಿಲ್ಲ. ನಿಮಗಿದ್ದರೆ ಕೂತುಕೊಳ್ಳಿ.

ರಜಾಕಾರರ ಗಲಾಟೆ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಉರ್ದು ಶಾಲೆಗಳೆಲ್ಲ ಒಂದೊಂದಾಗಿ ಕನ್ನಡ ಶಾಲೆಗಳಾಗುತ್ತಿದ್ದ ಕಾಲ. ಕನ್ನಡ ಬಲ್ಲ ಮಾಸ್ತರರು ಬೇಕಾಗಿದ್ದರು, ಸಿಕ್ಕವರನ್ನು ಹಿಡಿದು ಹಾಕುತ್ತಿದ್ದರು. ಹಾಗೆ ಸಿಕ್ಕವರಲ್ಲಿ ನಾನೂ ಒಬ್ಬ. ಲಿಂಗಸೂಗೂರಿನಲ್ಲಿ ಓದು ಮುಗಿಸಿ ಮಸ್ಕಿಯ ಶಾಲೆಗೆ ಹೋದಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಮೀಸೆ ಸರಿಯಾಗಿ ಬಂದಿರಲಿಲ್ಲವಾದ್ದರಿಂದ ದೊಡ್ಡವನಂತೆ ಕಾಣಲು ತಲೆಗೆ ರುಮಾಲು ಸುತ್ತುತ್ತಿದ್ದೆ. ಅದು ಪಾಠದ ನಡುವೆ ಬಿಚ್ಚಿ ಬೀಳುವುದನ್ನೇ ಹುಡುಗರು ಕಾಯುತ್ತಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಬಂದರೆ ಮೊದಲು ಗುಡ್ಡ ಹತ್ತಿ ಹಳೆಯ ಶಾಸನದ ಕಲ್ಲು ನೋಡಿ, ಉಳಿದ ಹೊತ್ತಿನಲ್ಲಿ ನಮ್ಮ ಶಾಲೆ ನೋಡುತ್ತಿದ್ದರು. ಆದ್ದರಿಂದ ನನ್ನ ಮಾನ ಉಳಿಯಿತು.

ಶಾಲೆಯಲ್ಲಿ ಇದ್ದದ್ದು ಇಬ್ಬರೇ ಮಾಸ್ತರರು, ನಾನು ಮತ್ತು ಚೌರಪ್ಪನವರು. ಅವರು ಮುದಗಲ್ಲಿನವರು, ಕ್ಯಾಥೋಲಿಕರು. ನನಗಿಂತ ಹತ್ತು ವರ್ಷ ಹಿರಿಯರು, ಎಡಗಾಲು ತುಸು ಎಳೆದು ನಡೆಯುತ್ತಿದ್ದರು. ಮುದಗಲ್ಲಿನ ಕ್ರೈಸ್ತರು ಇಂದು ನಿನ್ನೆಯವರಲ್ಲ, ನನ್ನ ಮುತ್ತಜ್ಜನ ಮುತ್ತಜ್ಜ ಹುಟ್ಟುವುದಕ್ಕೆ ಮೊದಲೇ ಅಲ್ಲಿದ್ದವರು. ಉಡುವುದು ನಮ್ಮದೇ ಧೋತರ, ಆಡುವುದು ನಮ್ಮದೇ ಮಾತು. ನನ್ನ ಕೊರಳಲ್ಲಿ ಲಿಂಗವಿದ್ದರೆ ಅವರ ಅಂಗಿಯೊಳಗೆ ಕರಿದಾರದಲ್ಲಿ ಸಣ್ಣದೊಂದು ಶಿಲುಬೆ. ಇವರು ಮಕ್ಕಳ ತಲೆ ಕೆಡಿಸುತ್ತಾರೆಂದು ಮೊದಲ ದಿನದಿಂದ ಹದ್ದಿನ ಕಣ್ಣಿಟ್ಟು ಕಾದೆ. ಅವರೋ ಒಂದು ದಿನವೂ ತಮ್ಮ ದೇವರ ಹೆಸರೆತ್ತಲಿಲ್ಲ. ಕಡೆಗೆ ನನಗೇ ತಡೆಯಲಾರದೆ, ನಿಮ್ಮ ಧರ್ಮದಲ್ಲಿ ಏನು ಹೇಳಿದ್ದಾರೆ ಎಂದು ಕೆಣಕಿದೆ. "ಭಾಳ ಹೇಳ್ಯಾರ್ರಿ. ಮಾಡಾಕ ಹೊತ್ತು ಸಾಲವಲ್ದು" ಎಂದು ನಕ್ಕು ಕಸಬರಿಗೆ ತೆಗೆದುಕೊಂಡು ಹೋದರು.

ಆಗ ನಮ್ಮ ಕಡೆ ನಾರುಹುಣ್ಣು ಮನೆಮನೆಯ ಸಂಗತಿ. ಈಗಿನವರು ಆ ಹೆಸರನ್ನೇ ಕೇಳಿರಲಿಕ್ಕಿಲ್ಲ, ಪುಣ್ಯವಂತರು. ಬೇಸಿಗೆ ಬಂತೆಂದರೆ ಕಾಲಿನಲ್ಲಿ ಒಂದು ಬೊಕ್ಕೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಬೊಕ್ಕೆ ಒಡೆದು ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ, ಮೊಳಕ್ಕಿಂತ ಉದ್ದದ್ದು. ಅವಸರಪಟ್ಟು ಎಳೆದರೆ ಕಡಿದುಹೋಗುತ್ತದೆ. ಕಡಿದರೆ ಕಾಲು ಕೀವಾಗಿ, ಮಂಡಿ ಮಡಚಿಕೊಂಡು, ಮನುಷ್ಯ ಕುಂಟನಾಗುತ್ತಾನೆ. ಉರಿ ತಾಳದ ಮಕ್ಕಳು ತರಗತಿಯಲ್ಲಿ ಮುಲುಗುತ್ತಿದ್ದರೆ ನನಗೆ ನೋಡಲಾಗುತ್ತಿರಲಿಲ್ಲ. ಶಾಲೆಯ ಬೆನ್ನಿಗೇ ಮೆಟ್ಟಿಲ ಬಾವಿ. ಹೋಗಿ ತಣ್ಣನೆಯ ನೀರಿನಲ್ಲಿ ಕಾಲಿಟ್ಟು ನಿಲ್ಲಿ ಎಂದು, ಚೌರಪ್ಪನವರ ಕಿವಿಗೂ ಹಾಕದೆ, ನಾನೇ ಕಳಿಸುತ್ತಿದ್ದೆ. ನಾಲ್ಕನೆಯ ತರಗತಿಯ ನೀಲಮ್ಮನನ್ನಂತೂ ದಿನಕ್ಕೆರಡು ಸಲ ಕಳಿಸಿದ್ದೇನೆ. ನನ್ನಂಥ ಕನಿಕರದ ಮಾಸ್ತರ ಈ ತಾಲ್ಲೂಕಿನಲ್ಲಿಲ್ಲ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ನೀಲಮ್ಮನ ಕಾಲನ್ನು ಚೌರಪ್ಪನವರು ಕೈಗೆತ್ತಿಕೊಂಡರು. ಬಾವಿಯಿಂದ ಕೊಡದಲ್ಲಿ ನೀರು ತಂದು, ಬೇವಿನ ಮರದ ಕೆಳಗೆ ಮಣ್ಣಿನ ಬೋಗುಣಿಯಲ್ಲಿ ಅವಳ ಪಾದ ಇಡಿಸಿ, ತೊಳೆದು, ಹುಳದ ತುದಿಯನ್ನು ಕಸಬರಿಗೆಯ ಕಡ್ಡಿಗೆ ಸುತ್ತುತ್ತಿದ್ದರು. ದಿನಕ್ಕೆ ಒಂದೇ ಸುತ್ತು. ಆಮೇಲೆ ಬೋಗುಣಿಯ ನೀರನ್ನು ಹೊತ್ತು, ಕಾಲೆಳೆಯುತ್ತ, ಬಾವಿಯಿಂದ ದೂರದ ಕಲ್ಲುನೆಲಕ್ಕೆ ಒಯ್ದು ಚೆಲ್ಲುತ್ತಿದ್ದರು. ಅಷ್ಟು ದೂರ ಯಾಕೆ, ಬಾವಿಯ ಮೆಟ್ಟಿಲ ಮೇಲೇ ತೊಳೆಯಬಾರದೇ ಎಂದು ನಾನು ಬುದ್ಧಿ ಹೇಳಿದೆ.

ಅವರು ಒಂದು ಗಾಜಿನ ಲೋಟದಲ್ಲಿ ಬಾವಿಯ ನೀರು ತಂದು ಬಿಸಿಲಿಗೆ ಹಿಡಿದರು. ನೀರಿನಲ್ಲಿ ಸಾಸಿವೆಗಿಂತಲೂ ಸಣ್ಣ ಚುಕ್ಕೆಗಳು ಪಟಪಟ ಜಿಗಿಯುತ್ತಿದ್ದವು. ಹುಣ್ಣಿದ್ದವರು ನೀರಿಗಿಳಿದರೆ ನಾರಿನ ಮರಿಗಳು ನೀರು ಸೇರುತ್ತವೆ, ಅವನ್ನು ಈ ಚುಕ್ಕೆಗಳು ತಿನ್ನುತ್ತವೆ, ಇವನ್ನು ನಾವು ಕುಡಿಯುತ್ತೇವೆ. ಈ ವರ್ಷ ಕುಡಿದದ್ದು ಬರುವ ವರ್ಷ ಇದೇ ಹೊತ್ತಿಗೆ ಕಾಲಿನಿಂದ ಹೊರಬರುತ್ತದೆ. ಮುದಗಲ್ಲಿನ ಕ್ರೈಸ್ತ ಗುಡಿಯ ಸ್ವಾಮಿಗಳೊಬ್ಬರು ಅವರಿಗೆ ಇದನ್ನೆಲ್ಲ ತಿಳಿಸಿದ್ದರಂತೆ.

ಎಷ್ಟು ಮಕ್ಕಳನ್ನು ಬಾವಿಗೆ ಇಳಿಸಿದ್ದೆನೋ! ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ತಮ್ಮ ಎಡಗಾಲಿನ ಧೋತರ ಮೊಣಕಾಲಿನ ತನಕ ಎತ್ತಿದರು. ಹಳೆಯ ಗಾಯದ ಗುರುತುಗಳು ಐದಿದ್ದವು. "ನಾನೂ ಸಣ್ಣಾಂವ ಇದ್ದಾಗ ಹಿಂಗ ಬಾವ್ಯಾಗ ನಿಂತೀನ್ರಿ ಮಾಸ್ತರ. ನಮಗ ಯಾರೂ ಹೇಳಿರಲಿಲ್ಲ, ನಿಮಗೂ ಯಾರೂ ಹೇಳಿರಲಿಲ್ಲ" ಎಂದರು. ಅಷ್ಟೇ.

ಮೂರು ವಾರಕ್ಕೆ ನೀಲಮ್ಮನ ಹುಳ ಪೂರ್ತಿ ಬಂತು, ಕಾಲು ಉಳಿಯಿತು. ಆದರೆ ಅವಳ ಅಜ್ಜಿ ಬಸಮ್ಮ ಶಾಲೆಗೆ ಬಂದು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡಳು. ಬಸಮ್ಮನ ಮಗಳು, ಎಂದರೆ ನೀಲಮ್ಮನ ತಾಯಿ, ಇದೇ ರೋಗದಿಂದ ನೆಲದ ಮೇಲೆ ತೆವಳುವಂತಾಗಿದ್ದಳು. "ಸಾಲಿಗೆ ಬಂದಮ್ಯಾಲೇ ಈ ಹುಡುಗಿಗೆ ಇದು ಹತ್ತೈತಿ. ಬರೂ ಬ್ಯಾಸಿಗ್ಯಾಗ ಮತ್ತ ಕಾಲು ಬೊಕ್ಕಿ ಎದ್ದಿತಂದ್ರ ಸಾಲಿನೂ ಬ್ಯಾಡ, ನೀವೂ ಬ್ಯಾಡ" ಎಂದಳು. ನಾಲ್ಕನೆಯ ತರಗತಿಯಲ್ಲಿ ಉಳಿದಿದ್ದ ಹುಡುಗಿ ಅವಳೊಬ್ಬಳೇ. ಓದುವುದೆಂದರೆ ಅವಳಿಗೆ ಹಸಿವಾದವರಿಗೆ ರೊಟ್ಟಿ ಸಿಕ್ಕಂತೆ. ಚೌರಪ್ಪನವರು ಕೈ ಮುಗಿದು ಹೇಳಿದರು: "ಒಂದು ವರ್ಷ ತಡಿ ಆಯಿ."

ಆ ಒಂದು ವರ್ಷವನ್ನು ನಾನು ಕಣ್ಣಾರೆ ಕಂಡವನು. ದಿನಾ ಬೆಳಗ್ಗೆ ಶಾಲೆಯ ಕುಡಿಯುವ ನೀರಿನ ರಂಜಣಿಗೆಯ ಬಾಯಿಗೆ, ಆ ಚುಕ್ಕೆಗಳು ದಾಟದಂತೆ, ಅರಿವೆ ಮೂರು ಮಡಿಕೆ ಹಾಕಿ, ಕೊಡ ಕೊಡ ನೀರು ಸೋಸಿ ತುಂಬುತ್ತಿದ್ದರು. ಕ್ರೈಸ್ತರು ಮುಟ್ಟಿದ ನೀರು ನಮ್ಮ ಮಕ್ಕಳಿಗೆ ಬೇಡ ಎಂದು ನಾಲ್ಕು ಮನೆಯವರು ತಕರಾರು ತೆಗೆದರು. ಚೌರಪ್ಪನವರು ಮುಖ ಸಣ್ಣದು ಮಾಡಲಿಲ್ಲ. ಪ್ರತಿ ಮಗುವೂ ಮನೆಯಿಂದ ಒಂದು ತುಂಡು ಅರಿವೆ ತರಲಿ, ತಾನೇ ಸೋಸಿಕೊಳ್ಳಲಿ ಎಂದರು. ಕೈ ನಿಮ್ಮದು, ಅರಿವೆ ನಿಮ್ಮದು, ನೀರು ಬಾವಿಯದು, ಇದರಲ್ಲಿ ನನ್ನದೇನಿದೆ ಎಂದು ಕೇಳಿದರು. ಮಕ್ಕಳು ಅದೇ ಅರಿವೆಯನ್ನು ಮನೆಗೊಯ್ದು ಕೊಡಕ್ಕೂ ಕಟ್ಟಿದರು. ಹುಣ್ಣಿದ್ದವರು ಬಾವಿಗಿಳಿಯದಂತೆ ಚೌರಪ್ಪನವರು ಶಾಲೆ ಶುರುವಾಗುವ ಮೊದಲು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು, ಅವರಿಗೆ ತಾವೇ ನೀರು ಸೇದಿ ಕೊಡುತ್ತಿದ್ದರು. ಅರಿವೆ ಮಾಸ್ತರ ಎಂದು ಊರು ನಗುತ್ತಿತ್ತು.

ನನಗೆ ಈಗಲೂ ಬೆರಗಾಗುವುದು ಇದಕ್ಕೆ. ಬಿತ್ತಿದವನಿಗೆ ಎಂಟು ದಿನದಲ್ಲಿ ಮೊಳಕೆಯಾದರೂ ಕಾಣುತ್ತದೆ. ಈ ಮನುಷ್ಯನಿಗೆ ಒಂದು ವರ್ಷದ ತನಕ ಏನೂ ಕಾಣುವಂತಿರಲಿಲ್ಲ. ಕಂಡರೂ ಏನು ಕಾಣಬೇಕು? ಮಕ್ಕಳ ಕಾಲಿನಲ್ಲಿ ಏನೂ ಇಲ್ಲದಿರುವುದು! ಆ ಏನೂ ಇಲ್ಲದ್ದಕ್ಕಾಗಿ ಒಂದು ಮುಂಜಾನೆಯೂ ತಪ್ಪಿಸದೆ ಕೊಡ ಹೊತ್ತರು.

ಇನ್ನು ನನ್ನ ಸುದ್ದಿ. ಹುಡುಗರ ಮುಂದೆ ನಿಂತು ಸೋಸಿದ ನೀರಿನ ಮೇಲೆ ಭಾಷಣ ಬಿಗಿಯುತ್ತಿದ್ದ ನಾನು ನನ್ನ ತಂಬಿಗೆಯನ್ನು ಮಾತ್ರ ಸೀದಾ ಬಾವಿಯಲ್ಲಿ ಅದ್ದಿ ತರುತ್ತಿದ್ದೆ. ಕಂಡವರ ಅರಿವೆಯಲ್ಲಿ ಸೋಸಿದ ನೀರು ಹೇಗೆ ಕುಡಿಯಲಿ ಎಂದು ನೆಪ. ನಿಜ ಹೇಳಬೇಕೆಂದರೆ ಆ ರಂಜಣಿಗೆ ತುಂಬಿದ ಕೈ ಯಾರದು ಎಂಬುದು ನನ್ನ ಗಂಟಲಿಗೆ ಅಡ್ಡ ಬರುತ್ತಿತ್ತು. ತಕರಾರು ತೆಗೆದ ನಾಲ್ಕು ಮನೆಯವರು ಬಾಯಿಬಿಟ್ಟು ಹೇಳಿದರು, ನಾನು ಹೇಳಲಿಲ್ಲ. ವ್ಯತ್ಯಾಸ ಅಷ್ಟೇ.

ಬೇಸಿಗೆ ಬಂತು. ಪ್ರತಿದಿನ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳ ಪಾದಗಳನ್ನೇ ನಾನು ಹೆದರಿ ಹೆದರಿ ನೋಡುತ್ತಿದ್ದೆ, ಮೊದಲು ನೀಲಮ್ಮನ ಪಾದ. ಬಸಮ್ಮನೂ ಬಾಗಿಲಲ್ಲಿ ಬಂದು ನಿಂತು ನೋಡಿ ಹೋಗುತ್ತಿದ್ದಳು. ಒಂದು ವಾರ ಹೋಯಿತು, ಎರಡು ಹೋಯಿತು, ಹೊಲದ ಬೇವೆಲ್ಲ ಹೂಬಿಟ್ಟಿತು. ನೀಲಮ್ಮನ ಪಾದ ತೊಳೆದಿಟ್ಟ ಹಾಗೇ ಇತ್ತು. ಆ ವರ್ಷ ನಮ್ಮ ಶಾಲೆಯಲ್ಲಿ ಒಂದೇ ಒಂದು ಕಾಲು ಬೊಕ್ಕೆ ಎದ್ದಿತು. ಅದು ನನ್ನದು.

ಬೇವಿನ ಕೆಳಗೆ, ಅದೇ ಬೋಗುಣಿಯಲ್ಲಿ, ನನ್ನ ಪಾದ. ಚೌರಪ್ಪನವರು ನೆಲಕ್ಕೆ ಮಂಡಿಯೂರಿ ತೊಳೆದು, ಹೆಗಲ ವಸ್ತ್ರದಿಂದ ಒರೆಸಿ, ದಿನಕ್ಕೊಂದು ಸುತ್ತು ಸುತ್ತಿದರು. ಅವರ ದೊಡ್ಡ ಹಬ್ಬದ ವಾರ ಅದು. ಪ್ರತಿವರ್ಷ ಆ ಹೊತ್ತಿಗೆ ಮುದಗಲ್ಲಿಗೆ ಹೋಗುತ್ತಿದ್ದವರು ಆ ಗುರುವಾರ ಹೋಗಲಿಲ್ಲ. ಹುಳ ಅರ್ಧ ಬಂದಿದೆ, ಒಂದು ದಿನ ಬಿಟ್ಟರೂ ಒಳಗೆ ಸರಿಯುತ್ತದೆ ಎಂದರು. ನನ್ನ ಸಲುವಾಗಿ ಹಬ್ಬ ಬಿಡಬೇಡಿ ಎಂದು ಬೇಡಿಕೊಂಡೆ. ಅವರು ನನ್ನ ಪಾದ ಬಿಡದೆಯೇ ಹೇಳಿದರು: "ಇವತ್ತ ನಮ್ಮ ಗುಡ್ಯಾಗ ಸ್ವಾಮ್ಗೋಳು ಹನ್ನೆರಡು ಮಂದಿ ಕಾಲು ತೊಳೀತಾರ್ರಿ. ನಮ್ಮ ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳದಾನಲ್ಲ, ಅದಕ್ಕ. ನಾ ಇಲ್ಲಿ ಒಂದು ಕಾಲು ತೊಳೀತೀನಿ, ನಡೀತೈತಿ ಬಿಡ್ರಿ." ಮೂರು ವರ್ಷದಲ್ಲಿ ಅವರು ತಮ್ಮ ದೇವರ ಹೆಸರೆತ್ತಿದ್ದು ಅದೊಂದೇ ಸಲ. ಶಾಲೆಯೊಳಗಿನಿಂದ ನೀಲಮ್ಮ ಐದನೆಯ ತರಗತಿಯ ಪಾಠ ಗಟ್ಟಿಯಾಗಿ ಓದುವುದು ಕೇಳುತ್ತಿತ್ತು.

ನನ್ನ ಕಾಲೂ ಉಳಿಯಿತು. ಆಮೇಲೆ ನನಗೆ ಸಿಂಧನೂರಿಗೆ ವರ್ಗವಾಯಿತು, ಅವರು ಎಲ್ಲಿಗೋ ಹೋದರು. ನಾರುಹುಣ್ಣು ನಾಡಿನಿಂದಲೇ ಹೋಯಿತು. ಅವರಿಂದ ನಾನು ಒಂದು ಸಂಗತಿ ಮುಚ್ಚಿಟ್ಟೆನಲ್ಲ, ತಂಬಿಗೆಯದು, ಅದು ಇಷ್ಟು ವರ್ಷವೂ ಮುಳ್ಳಿನಂತೆ ಚುಚ್ಚುತ್ತಿತ್ತು. ಇವತ್ತು ಇದನ್ನೆಲ್ಲ ನಿಮಗೆ ಹೇಳುತ್ತ ಕೂತಾಗ ತಟ್ಟನೆ ಹೊಳೆಯಿತು ನೋಡಿ. ಈ ವರ್ಷ ಕುಡಿದದ್ದು ಬರುವ ವರ್ಷ ಹೊರಬರುತ್ತದೆ ಎಂದು ನನಗೆ ಕಲಿಸಿದವರೇ ಅವರು. ನನ್ನ ಕಾಲಿನಲ್ಲಿ ಆ ಬೊಕ್ಕೆ ಕಂಡ ಗಳಿಗೆಯಲ್ಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಅವರ ಕೈಯ ನೀರನ್ನು ನಾನು ಒಲ್ಲೆ ಎಂದದ್ದು ಗೊತ್ತಿದ್ದೇ ಆ ಗುರುವಾರ ನನ್ನ ಪಾದ ಹಿಡಿದಿದ್ದರು. ಅಯ್ಯೋ ಶಿವನೇ, ಇದು ತಿಳಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತೇ!

ಎದ್ದು ಅಡುಗೆಮನೆಗೆ ಹೋದೆ. ಯಂತ್ರದ ನೀಲಿ ದೀಪ ಉರಿಯುತ್ತಿತ್ತು. ಸೊಸೆ ಅದರ ಕೆಳಗೆ ಲೋಟ ಹಿಡಿಯಲು ಹೋದಳು. ತಡಿಯಮ್ಮ ಎಂದು ಲೋಟ ಇಸಿದುಕೊಂಡೆ. ನಳ ತಿರುವಿ, ಅರಿವೆಯಿಂದ ಸೋಸಿ ಬಂದ ನೀರನ್ನು ಲೋಟದ ತುಂಬ ಹಿಡಿದು, ನಿಂತುಕೊಂಡೇ ಪೂರ್ತಿ ಕುಡಿದೆ.