ನಿನ್ನೆಯ ಬೆಲೆ

ಷೇರುಪೇಟೆಯಲ್ಲಿ ಆಪ್ಷನ್ ಎನ್ನುವ ಗಡುವಿನ ಕರಾರುಗಳ ಹಳೆಯ ಬೆಲೆಗಳನ್ನು ಎಪಿಐ ಎಂಬ ತಂತ್ರಾಂಶದ ಕೊಂಡಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಡುವ ಈ ಮನುಷ್ಯನಿಗೆ ಆಫೀಸಿನಲ್ಲಿ ‘ಹಳೇಬೆಲೆ’ ಎಂದೇ ಹೆಸರು. ಎಂದೋ ಅವಧಿ ಮುಗಿದ ಆಪ್ಷನ್ನಿನ ಬೆಲೆ ಕೇಳಿದರೂ ಚಹಾ ಆರುವುದರೊಳಗೆ ತಂದು ಮುಂದಿಡುತ್ತಾನೆ. ತನ್ನ ಮದುವೆಯ ತಾರೀಖನ್ನು ಮಾತ್ರ ಹೆಂಡತಿಯನ್ನೇ ಕೇಳಬೇಕು. ವ್ಯಾಪಾರವೇ ನಡೆಯದ ದಿನದ ಬೆಲೆಯ ಜಾಗ ಖಾಲಿ ಬರುತ್ತದೆ. ಖಾಲಿ ಜಾಗ ಅವನಿಗೆ ಆಗಿಬರುವುದಿಲ್ಲ. “ಹಿಂದಿನ ದಿನದ್ದೇ ಹಾಕಿದ್ರಾಯ್ತು ಬಿಡಿ, ಯಾರಿಗೆ ಗೊತ್ತಾಗುತ್ತೆ!” ಎಂದು ತುಂಬಿಬಿಡುತ್ತಾನೆ. ಬೆಲೆಯ ಏರಿಳಿತದ ನಕ್ಷೆ ನುಣ್ಣಗೆ ಬರುತ್ತದೆ, ಸಾಹೇಬರು ತಲೆದೂಗುತ್ತಾರೆ, ಇವನು ಮಾತ್ರ ಅವರ ಮುಖ ನೋಡಲಾರದೆ ಕೀಬೋರ್ಡಿನ ಧೂಳು ಒರೆಸುತ್ತಾನೆ. ಮೊನ್ನೆ ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅಕ್ಕನ ಫೋನು: “ಅಮ್ಮ ಹೇಗಿದಾಳೋ?” “ನಿನ್ನೆ ಥರಾನೇ ಇದಾಳೆ ಅಕ್ಕಾ,” ಎಂದ, ಥಟ್ಟನೆ. ಹಾಸಿಗೆ ಹಿಡಿದಿದ್ದ ಅಮ್ಮನ ದನಿ ಕೋಣೆಯಿಂದ ಮೆಲ್ಲಗೆ ಬಂತು: “ಇವತ್ತು ನೀನು ಒಳಗೇ ಬಂದಿಲ್ವಲ್ಲೋ.”