ಒಂಬತ್ತನೆಯ ಹಾಡಿನ ಒಡತಿ

ನನಗೊಂದು ಚಟವಿದೆ. ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ಉಪ್ಪಿನಕಾಯಿ ಬಾಟಲಿಯ ಬೆನ್ನು, ಕಾರ್ ಇನ್ಶೂರೆನ್ಸಿನ ಇರುವೆ ಸಾಲಿನಂಥ ಅಕ್ಷರಗಳು, ಎಲ್ಲವೂ ನನಗೆ ಸಾಹಿತ್ಯವೇ. ಹೋಟೆಲಿನಲ್ಲಿ ಮೆನು ಕಾರ್ಡು ನನ್ನ ಕೈಗೆ ಸಿಕ್ಕರೆ ಊಟ ತಡವಾಗುತ್ತದೆಂದು ಯಜಮಾನರು ಅದನ್ನು ಬಚ್ಚಿಡುತ್ತಾರೆ. ಇಂಥವಳಿಗೆ ಅಮೆರಿಕದ ಚಾಟ್ಸ್‌ವರ್ತ್‌ನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಸಿಡಿ ಡಬ್ಬಿಯೊಳಗಿರುವ, ಯಾರೂ ಓದದ ಪುಟ್ಟ ಪುಸ್ತಿಕೆಗಳನ್ನು ಓದುವುದಕ್ಕೆ ನನಗೆ ಸಂಬಳ!

2004ರಲ್ಲಿ, ರಿದಮ್ ಅಂಡ್ ಬ್ಲೂಸ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತ ಹಾಡುವ ಇಂಗ್ಲೆಂಡಿನ ತಂಡವೊಂದರ ಪುಸ್ತಿಕೆ ಬಂತು. ಇದ್ದ ಹನ್ನೆರಡೂ ಕವರ್ ಹಾಡುಗಳು, ಅಂದರೆ ಇನ್ನೊಬ್ಬರ ಹಳೆಯ ಹಾಡನ್ನು ಇವರು ತಮ್ಮ ಧಾಟಿಯಲ್ಲಿ ಮತ್ತೆ ಹಾಡಿದ್ದು. “ಸ್ವಂತದ್ದು ಒಂದೂ ಇಲ್ವಂತಾ ಇವ್ರಿಗೆ?” ಎಂದು ನಮ್ಮ ಮಾಲೀಕರು, ಬಸವನಗುಡಿಯ ಶ್ರೀಧರ ಅಂಕಲ್, ಮೂಗು ಮುರಿದರು. ಮೈಸೂರಿನವಳಾದ ನನಗೆ ನಗು ಬಂತು. ನಮ್ಮ ವಿದ್ವಾಂಸರು ಜೀವಮಾನವಿಡೀ ಹಾಡುವುದು ಇನ್ನೊಬ್ಬರ ಕೃತಿಗಳನ್ನೇ. ಅವನ್ನು ಕವರ್ ಎನ್ನುವ ಧೈರ್ಯ ಯಾರಿಗಿದೆ? ಆದರೆ ನಮ್ಮ ಹಿರಿಯರು ಜಾಣರು. ದಾಸರು ಕೊನೆಯ ನುಡಿಗೆ ಅಂಕಿತ ಹೊಲಿದುಬಿಟ್ಟರು. ನಮ್ಮ ಅಬ್ಬಾ ಕೇಳುತ್ತಿದ್ದ ಗಜಲುಗಳಲ್ಲೂ ಕವಿ ಕೊನೆಯ ಶೇರಿನಲ್ಲಿ, ಅಂದರೆ ಕೊನೆಯ ಎರಡು ಸಾಲಿನಲ್ಲಿ, ತನ್ನ ಹೆಸರು ಸೇರಿಸಿಯೇ ಏಳುತ್ತಿದ್ದ. ಹಾಡು ಕದ್ದವನಿಗೂ ಹೆಸರು ಹೇಳದೆ ಗತ್ಯಂತರವಿಲ್ಲ.

ಈ ಹಾಡುಗಳಿಗೆ ಆ ಅನುಕೂಲವಿಲ್ಲ. ಹೆಸರು ಪುಸ್ತಿಕೆಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂಬತ್ತನೆಯ ಹಾಡಿನ ಮುಂದೆ ‘ಸಾಂಪ್ರದಾಯಿಕ’ ಎಂದಿತ್ತು. ಬರೆದವರು ಯಾರೋ ಗೊತ್ತಿಲ್ಲ ಎಂದರ್ಥ. ಪ್ಯಾಕಿಂಗ್ ವಿಭಾಗದ ಲೂಯೆಲ್ಲಾ ನನ್ನ ಮೇಜಿನ ಮೇಲೆ ಬಗ್ಗಿ ನೋಡಿದವಳು ಅಲ್ಲೇ ನಿಂತುಬಿಟ್ಟಳು.

“ಇದು ನಮ್ಮಮ್ಮ ಬರೆದದ್ದು. ಅಮ್ಮ ಇನ್ನೂ ಇದ್ದಾಳೆ, ಸ್ಯಾನ್ ಡಿಯಾಗೋದಲ್ಲಿ.”

ಪ್ರೂಫ್ ಹಾಳೆ ಎತ್ತಿಕೊಂಡು ನೇರ ಅಂಕಲ್ ಹತ್ತಿರ ಹೋದೆ.

“ನೋಡಮ್ಮಾ, ಕಾಮಾ ಬಿಟ್ಟೋಗಿದ್ರೆ ಹೇಳು, ಹಾಕೋಣ. ಊರ ಉಸಾಬರಿ ನಮಗ್ಯಾಕೆ? ಮಂಡೇ ಪ್ರಿಂಟ್‌ಗೆ ಹೋಗ್ಲೇಬೇಕು.”

“ಅಂಕಲ್, ಅಂಕಿತ ತೆಗೆದು ದಾಸರ ಪದ ಪ್ರಿಂಟ್ ಮಾಡಿ ಅಂದ್ರೆ ಮಾಡ್ತೀರಾ ನೀವು?”

ಅವರು ಕನ್ನಡಕ ತೆಗೆದು ಒರೆಸಿದರು. “ಟ್ಯೂಸ್‌ಡೇ ಮಧ್ಯಾಹ್ನದ ತನಕ ಟೈಮು. ಆಮೇಲೆ ನನ್ನ ಕೇಳ್ಬೇಡ.”

ಶನಿವಾರ ಲೂಯೆಲ್ಲಾಳನ್ನು ಕೂರಿಸಿಕೊಂಡು ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಬೋರ್ಡುಗಳನ್ನು ಓದುತ್ತಾ ಹೆದ್ದಾರಿಯಿಂದ ಇಳಿಯುವ ಎರಡು ಎಕ್ಸಿಟ್ ತಪ್ಪಿಸಿದೆ. ಲೂಯೆಲ್ಲಾಳ ತಾಯಿ ಕೋರಾ ಎಂಬತ್ತು ದಾಟಿದವರು. ವಿಷಯ ಕೇಳಿದವರೇ ಮಂಚದ ಕೆಳಗಿನಿಂದ ಒಂದು ಗ್ರಾಮಾಫೋನ್ ತಟ್ಟೆ ತೆಗೆದುಕೊಟ್ಟರು. ನಡುವಿನ ಲೇಬಲ್ಲಿನಲ್ಲಿ ಹಾಡಿನ ಕೆಳಗೆ, ಬಣ್ಣ ಮಾಸಿದರೂ ಓದುವಂತಿತ್ತು: ಬರೆದವರು ಕೋರಾ. ಅದರ ಫೋಟೋಕಾಪಿ ಸೋಮವಾರ ಬೆಳಿಗ್ಗೆ ಲಂಡನ್ನಿಗೆ ಫ್ಯಾಕ್ಸ್ ಆಯಿತು.

ಮಂಗಳವಾರ ಹನ್ನೊಂದಕ್ಕೆ ತಂಡದವರ ಉತ್ತರ ಬಂತು. ಹೆಸರಿಲ್ಲದ ಹಳೆಯ ಕ್ಯಾಸೆಟ್ಟಿನಿಂದ ಕಲಿತಿದ್ದರಂತೆ, ಕ್ಷಮೆ ಕೇಳಿದ್ದರು, ಕೂಡಲೇ ತಿದ್ದಿ ಎಂದಿದ್ದರು. ನಾನು ಪ್ರೆಸ್ಸಿನ ನಡುವೆ ಕುಣಿದೇಬಿಟ್ಟೆ. ‘ನಮ್ಮ ಹುಡುಗಿ’ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದವರು ಅದೇ ಶ್ರೀಧರ ಅಂಕಲ್.

ಮೊದಲ ಪ್ರತಿಯನ್ನು ನಾವಿಬ್ಬರೂ ಸ್ಯಾನ್ ಡಿಯಾಗೋಗೆ ಒಯ್ದೆವು. ಕೋರಾ ಭೂತಗನ್ನಡಿ ಹಿಡಿದು ತಮ್ಮ ಹೆಸರನ್ನು ಎರಡು ಸಲ ಓದಿದರು. ಕಣ್ಣು ತುಂಬಿದ್ದು ನನಗೆ, ಅವರಿಗಲ್ಲ. ನಂತರ ಹಾಡು ಹಾಕಿಸಿದರು. ಎರಡನೆಯ ಚರಣ ಬರುತ್ತಿದ್ದಂತೆ ಕೈಯೆತ್ತಿ ನಿಲ್ಲಿಸಿದರು.

“ಒಂದು ಸಾಲನ್ನೇ ನುಂಗಿದ್ದಾರೆ. ಪೇಪರ್ ತಗೋ, ಅವರಿಗೊಂದು ಕಾಗದ ಬರಿ.”

ರೇಡಿಯೋದಲ್ಲಿ ಈ ಹಾಡನ್ನು ಯಾರು ಹೇಗೆ ಹಾಡಿದರೂ ಅಮ್ಮ ತುಟಿ ಬಿಚ್ಚಿದವಳಲ್ಲ ಎಂದು ಲೂಯೆಲ್ಲಾ ಬೆರಗಾದಳು.

“ಆಗ ಬೈದಿದ್ದರೆ ಯಾರಿವಳು ಅಂತಿದ್ದರು,” ಎಂದರು ಕೋರಾ. “ಈಗ ಹೆಸರಿದೆ, ಅವರು ಕೇಳಲೇಬೇಕು.”

ಅವರು ಬೈಯುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಮೂರು ಪುಟವಾಯಿತು.