ಡಚ್ ಅಜ್ಜನ ಹಡಗು

ಆರಡಿ ಮೀರಿದ ಆಳು. ಲಂಡನ್ನಿನ ಹೌನ್ಸ್ಲೋದ ನಮ್ಮ ಫ್ಲ್ಯಾಟಿನ ಲಿಫ್ಟಿಗೆ ತಲೆ ಬಗ್ಗಿಸಿಯೇ ಬರುತ್ತಿದ್ದರು. ಒಳಗೆ ಬಂದ ಮೇಲೂ ಎತ್ತುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಮನೆಯಲ್ಲಿ ಅವರಿಗೆ ಡಚ್ ಅಜ್ಜ ಎಂದೇ ಹೆಸರು. ಹುಟ್ಟಿದ್ದು ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದಲ್ಲಿ, ಹಾಗಾಗಿ ನನ್ನ ಉಪ್ಪಿಟ್ಟಿಗೆ ಖಾರ ಸಾಲದೆಂದು ಮೂಗು ಮುರಿಯುತ್ತಿದ್ದ ಬಿಳಿಯ ಅವರೊಬ್ಬರೇ.

ಇನ್ನೊಬ್ಬರು ಬಿಟ್ಟುಕೊಟ್ಟದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ಕೋಲೂರಿಕೊಂಡು ನಿಂತೇ ಇರುತ್ತಿದ್ದರು. ಮುದುಕನಿಗೆ ಜಂಬ ಎಂದುಕೊಂಡಿದ್ದೆ.

ಒಮ್ಮೆ ಅವರ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಹೋಗಲೆಂದು ನನ್ನ ಶಿಫ್ಟನ್ನು ಇನ್ನೊಬ್ಬ ನರ್ಸಿಗೆ ವಹಿಸಿದೆ. ಆಸ್ಪತ್ರೆಯಲ್ಲಿ ನಾವು ಹೀಗೆ ಅದಲು ಬದಲು ಮಾಡಿಕೊಳ್ಳುವುದು ಮಾಮೂಲು. ಅಜ್ಜ ಕೆಂಡವಾದರು. "ನನಗೋಸ್ಕರ ಯಾರೂ ಯಾರ ಬದಲಿಗೂ ಹೋಗೋದು ಬೇಡ," ಎಂದು ಬಾಗಿಲು ಹಾಕಿಕೊಂಡರು.

"ಅಜ್ಜಾರಿಗೆ ಏನಾತು? ನೀ ಏನರ ಅಂದೇನು?" ಎಂದು ಧಾರವಾಡದ ನನ್ನ ಗಂಡ ನನ್ನನ್ನೇ ವಿಚಾರಿಸಿಕೊಂಡ.

ಸಂಜೆ ಅಜ್ಜ ತಾವಾಗಿಯೇ ಬಂದರು. ಅವರ ಅಪ್ಪ ಡಚ್ ನೌಕಾಪಡೆಯ ಡೆಸ್ಟ್ರಾಯರ್ ಯುದ್ಧನೌಕೆಯೊಂದರಲ್ಲಿ ನಾವಿಕ. ಆ ಹಡಗಿನ ಕಥೆಯನ್ನು ಮನೆಯ ಹಿರಿಯರೊಬ್ಬರ ಕಥೆಯಂತೆ ಹೇಳಿದರು. ರಾಟರ್‌ಡ್ಯಾಮಿನಲ್ಲಿ ನೀರಿಗಿಳಿದದ್ದು, ಜಾವಾಕ್ಕೆ ಬಂದದ್ದು, ಪುಟ್ಟದೊಂದು ವಿಮಾನ ಹೊತ್ತು ದ್ವೀಪದಿಂದ ದ್ವೀಪಕ್ಕೆ ಕಾವಲು ತಿರುಗಿದ್ದು, ಕೊನೆಗೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಟಾರ್ಪೆಡೊ ತಗುಲಿ ಎರಡು ತುಂಡಾಗಿ ಮುಳುಗಿದ್ದು. ಈಚೆಗೆ ಮುಳುಗುಗಾರರು ಇಳಿದು ನೋಡಿದರೆ ತಳದಲ್ಲಿ ಹಡಗೇ ಇಲ್ಲ. ಗುಜರಿ ಕಳ್ಳರು ಕಬ್ಬಿಣವನ್ನೆಲ್ಲ ಎತ್ತಿಕೊಂಡು ಹೋಗಿದ್ದರು.

"ಹಡಗು ಕೊನೇ ಸಲ ಹೊರಡೋ ದಿನ, ಆಗಿನ್ನೂ ಮಗುವಾಗಿದ್ದ ನನಗೆ ವಿಪರೀತ ಜ್ವರ. ಅಪ್ಪ ದಡದಲ್ಲೇ ಉಳಿದ, ಅವನ ಗೆಳೆಯ ಬದಲಿಗೆ ಹೋದ. ಅವನಿಗೆ ಈಗ ಸಮಾಧಿ ಅಂತಲೂ ಇಲ್ಲ," ಎಂದರು.

ಆ ಗೆಳೆಯನ ಮಗಳು ಹಾಲೆಂಡಿನಲ್ಲಿದ್ದರು. ಒಮ್ಮೆ ಮಾತಾಡಿ ಅಂಕಲ್, ಎಂದು ನಾನು ಪೀಡಿಸುತ್ತಲೇ ಇದ್ದೆ. "ಏನಂತ ಮಾತಾಡಲಿ? ನಿಮ್ಮಪ್ಪನ ಆಯಸ್ಸು ತಿಂದವನು ನಾನೇ ಅಂತಲಾ?" ಎನ್ನುತ್ತಿದ್ದರು. ತಾವು ಸತ್ತ ಮೇಲೆ ಬೇಕಾದರೆ ತಿಳಿಸು ಎಂದು ನಂಬರು ಕೊಟ್ಟರು.

ಕಳೆದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಆಕೆಗೆ ಫೋನು ಮಾಡಿ, ಸತ್ತವರು ಯಾರ ಮಗನೆಂದು ತಿಳಿಸಿದೆ. ಆಕೆಗೂ ಎಂಬತ್ತು ದಾಟಿತ್ತು.

"ಹಾಗಾದ್ರೆ ಜ್ವರ ಬಂದಿದ್ದ ಆ ಮಗು ಬದುಕಿತ್ತಾ?" ಎಂದರು. "ಅಮ್ಮ ಸಾಯೋವರೆಗೂ ಅದೊಂದನ್ನೇ ಕೇಳ್ತಿದ್ದಳು. ಮಗುವಾದರೂ ಉಳೀತು ಅಂತ ಯಾರಾದರೂ ಹೇಳಿದ್ದರೆ ಸಾಕಿತ್ತು ಅವಳಿಗೆ."

ಹೌದು, ಎಂಬತ್ತು ದಾಟುವವರೆಗೂ ಬದುಕಿತ್ತು ಎನ್ನಲು ನನಗೇ ನಾಚಿಕೆಯಾಯಿತು.